ಮುಟ್ಟಿನ ಏರುಪೇರು: ಲಿವರಿನ ಮುನ್ನೆಚ್ಚರಿಕೆಯೂ ಹೌದು



ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದ ಅರ್ಜಿಯೊಂದು ನನ್ನನ್ನು ಬಹಳ ದಿನ ಕಾಡಿತು. ಅರ್ಜಿದಾರರು 48 ವರ್ಷದ ಗೃಹಿಣಿ. ಕಾಯಿಲೆ ಲಿವರ್ ಸಿರೋಸಿಸ್. ಕಾಗದಪತ್ರ ಹಿಡಿದು ಬಂದಿದ್ದ ಅವರ ಯಜಮಾನರು, ನಾವು ಏನನ್ನೂ ಕೇಳುವ ಮೊದಲೇ, "ಸಾರ್, ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ" ಎಂದರು. ಬಿಲ್ಡಿಂಗಿನಲ್ಲಿ ಜನ ಏನೇನು ಆಡಿಕೊಂಡಿರಬೇಕು ಎಂಬುದು ಆ ಒಂದು ಮಾತಿನಲ್ಲೇ ತಿಳಿಯಿತು.

ಫೈಲಿನ ತಳದಲ್ಲಿ ಇಪ್ಪತ್ತು ವರ್ಷ ಹಿಂದಿನ ಸೋನೋಗ್ರಫಿ ರಿಪೋರ್ಟ್ ಒಂದಿತ್ತು. ಅದರಲ್ಲಿ ಪಿಸಿಒಡಿ ಎಂದು ಬರೆದಿತ್ತು. ಆಗ ಮಗುವಾಗಲೆಂದು ಚಿಕಿತ್ಸೆ ಪಡೆದಿದ್ದರು. ಮಗುವಾದ ಮೇಲೆ ಆ ಕಾಗದವನ್ನು ಯಾರೂ ತೆರೆದು ನೋಡಲಿಲ್ಲ.

ಆ ಹಳೆಯ ರಿಪೋರ್ಟಿಗೂ ಈಗಿನ ಕಾಯಿಲೆಗೂ ಸಂಬಂಧವುಂಟೇ? ಅವರೊಬ್ಬರ ವಿಷಯದಲ್ಲಿ ಅದೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೆ ಹೆಂಗಸರ ಹಾರ್ಮೋನು ತೊಂದರೆಗೂ ಲಿವರಿಗೂ ಗಟ್ಟಿಯಾದ ನಂಟಿದೆ ಎಂಬುದು ನಿಜ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತನಾದವನು. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪಿಸಿಒಎಸ್ ಎಂದರೇನು?

ಜನರ ಬಾಯಲ್ಲಿ ಪಿಸಿಒಡಿ, ವೈದ್ಯರ ಭಾಷೆಯಲ್ಲಿ ಪಿಸಿಒಎಸ್. ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚಾಗಿ, ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದು ತಪ್ಪುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಗಲ್ಲದ ಮೇಲೆ ಕೂದಲು, ವಾಸಿಯಾಗದ ಮೊಡವೆ, ಸೊಂಟದ ಸುತ್ತ ಬೊಜ್ಜು ಕಾಣಿಸಿಕೊಳ್ಳಬಹುದು. ಕೆಲವರಿಗೆ ಕತ್ತಿನ ಹಿಂಭಾಗ ಕಪ್ಪಾಗುತ್ತದೆ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವುದರ ಗುರುತು ಅದು.

ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಇದೆ, ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: "ಮದುವೆಯಾದರೆ ಎಲ್ಲ ಸರಿಹೋಗುತ್ತದೆ." ಸರಿಹೋಗುವುದಿಲ್ಲ. ಮರೆತುಹೋಗುತ್ತದೆ, ಅಷ್ಟೇ.

ಲಿವರಿಗೆ ಏಕೆ ಪೆಟ್ಟು?

ಊಟದಿಂದ ಬಂದ ಸಕ್ಕರೆ ದೇಹದ ಜೀವಕೋಶಗಳೊಳಗೆ ಹೋಗಲು ಇನ್ಸುಲಿನ್ ಬೇಕು. ಪಿಸಿಒಎಸ್ ಇರುವ ಹೆಚ್ಚಿನವರಲ್ಲಿ ಮಾಂಸಖಂಡಗಳು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ.

ಲಿವರ್ ಸ್ವಲ್ಪ ಸಕ್ಕರೆಯನ್ನು ದಿನಬಳಕೆಗೆಂದು ಇಟ್ಟುಕೊಳ್ಳುತ್ತದೆ. ಇದು ಕರೆಂಟ್ ಅಕೌಂಟ್ ಇದ್ದಂತೆ, ಮಿತಿ ಸುಮಾರು 100 ಗ್ರಾಂ. ಮಿಕ್ಕದ್ದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಇದು ಫಿಕ್ಸೆಡ್ ಡಿಪಾಸಿಟ್. ಇನ್ಸುಲಿನ್ ಹೆಚ್ಚಾದಷ್ಟೂ ಈ ಡಿಪಾಸಿಟ್ ಬೆಳೆಯುತ್ತದೆ, ಮುರಿಯುವವರು ಯಾರೂ ಇಲ್ಲ. ಲಿವರಿನ ಶೇಕಡಾ 5ಕ್ಕಿಂತ ಹೆಚ್ಚು ಕೊಬ್ಬಾದರೆ ಅದು ಫ್ಯಾಟಿ ಲಿವರ್. ಕೆಲವರಲ್ಲಿ ಅದು ಉರಿಯೂತವಾಗಿ, ಗಾಯದ ಕಲೆಯಂತೆ ಗಟ್ಟಿಯಾಗಿ, ವರ್ಷಗಳ ನಂತರ ಸಿರೋಸಿಸ್ ಆಗುತ್ತದೆ. ಅಲ್ಲಿಯವರೆಗೆ ನೋವಿಲ್ಲ, ಜ್ವರವಿಲ್ಲ. ಒಂದು ತೊಟ್ಟು ಮದ್ಯ ಮುಟ್ಟದವರಿಗೂ ಹೀಗಾಗಬಹುದು. ತೆಳ್ಳಗಿರುವವರಿಗೂ ಆಗಬಹುದು.

ಇದು ಒಂದೇ ದಿಕ್ಕಿನ ದಾರಿಯಲ್ಲ. ಗಂಡು ಹಾರ್ಮೋನನ್ನು ಹಿಡಿದು ಕಟ್ಟಿಡುವ ಒಂದು ಪ್ರೊಟೀನು ತಯಾರಾಗುವುದು ಲಿವರಿನಲ್ಲೇ. ಇನ್ಸುಲಿನ್ ಹೆಚ್ಚಾಗಿ, ಲಿವರಿನಲ್ಲಿ ಕೊಬ್ಬು ತುಂಬಿದಾಗ ಆ ಪ್ರೊಟೀನು ಕಡಿಮೆಯಾಗುತ್ತದೆ. ಬಿಡುಗಡೆಯಾದ ಗಂಡು ಹಾರ್ಮೋನು ಮುಟ್ಟನ್ನು ಇನ್ನಷ್ಟು ಕೆಡಿಸುತ್ತದೆ. ಚಕ್ರಬಡ್ಡಿಯ ಲೆಕ್ಕವೇ ಸರಿ.

ಥೈರಾಯ್ಡ್ ಕಡಿಮೆ ಇರುವವರಲ್ಲೂ ಕೊಬ್ಬು ಕರಗುವ ವೇಗ ತಗ್ಗಿ ಫ್ಯಾಟಿ ಲಿವರ್ ಹೆಚ್ಚಾಗಿ ಕಾಣುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಕಾವಲುಗಾರ ಹೋಗುವುದರಿಂದ, ಅದುವರೆಗೆ ಗಂಡಸರಿಗಿಂತ ಕಡಿಮೆ ಇದ್ದ ಅಪಾಯ ಏರುತ್ತದೆ.

ಯಾವ ಪರೀಕ್ಷೆ?

ಮುಟ್ಟಿನ ಏರುಪೇರಿಗೆಂದು ವೈದ್ಯರ ಬಳಿ ಹೋದಾಗಲೇ ಸಕ್ಕರೆ, ಕೊಲೆಸ್ಟರಾಲ್, ಟಿಎಸ್‌ಎಚ್ ಮತ್ತು ಲಿವರ್ ಪರೀಕ್ಷೆಗಳ ಬಗ್ಗೆ ಕೇಳಿ. ಹೊಟ್ಟೆಯ ಸೋನೋಗ್ರಫಿ ಮಾಡಿಸುವುದಾದರೆ ಲಿವರನ್ನೂ ನೋಡಲು ಹೇಳಿ. ಎಸ್‌ಜಿಪಿಟಿ ನಾರ್ಮಲ್ ಬಂದರೆ ಲಿವರಿನಲ್ಲಿ ಕೊಬ್ಬಿಲ್ಲ ಎಂದು ಅರ್ಥವಲ್ಲ, ಇದು ನೆನಪಿರಲಿ.

ಫ್ಯಾಟಿ ಲಿವರ್ ಇದ್ದವರಿಗೆ ಫಿಬ್-4 ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ವಯಸ್ಸು 48, ಎಸ್‌ಜಿಒಟಿ 60, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಒಂದೂವರೆ ಲಕ್ಷ, ಅಂದರೆ 150 ಎಂದಿಟ್ಟುಕೊಳ್ಳಿ. 48 x 60 = 2880. 64ರ ವರ್ಗಮೂಲ 8, ಆದ್ದರಿಂದ 150 x 8 = 1200. ಭಾಗಿಸಿದರೆ 2.4. ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ. 2.67ಕ್ಕಿಂತ ಹೆಚ್ಚಾದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದರೆ ಫೈಬ್ರೋಸ್ಕ್ಯಾನ್‌ನಂಥ ಪರೀಕ್ಷೆ ಬೇಕಾಗುತ್ತದೆ. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ, 65 ದಾಟಿದವರಿಗೆ ಕೆಳಮಿತಿ 2. ಕೊನೆಯ ತೀರ್ಮಾನ ಎಂದೂ ವೈದ್ಯರದ್ದೇ.

ಗುಣವಾಗುತ್ತದೆಯೇ?

ಬೇಗ ಹಿಡಿದರೆ ಆಗುತ್ತದೆ, ಇದೇ ಸಮಾಧಾನದ ಸಂಗತಿ. ತೂಕ ಹೆಚ್ಚಿರುವವರು ಶೇಕಡಾ 5ರಷ್ಟು ಇಳಿಸಿದರೂ ಲಿವರಿನ ಕೊಬ್ಬು ತಗ್ಗುತ್ತದೆ. ಶೇಕಡಾ 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗಬಹುದು. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಹಲವರಲ್ಲಿ ಮುಟ್ಟೂ ಹದಕ್ಕೆ ಬರುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಇರಲಿ. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್, ಮೈದಾ, ಫರಸಾಣ ಕಡಿಮೆಯಾಗಲಿ. ತಟ್ಟೆಯಲ್ಲಿ ಅನ್ನ ತಗ್ಗಿ ಬೇಳೆ, ಕಾಳು, ಸೊಪ್ಪು ಹೆಚ್ಚಲಿ. ಸಕ್ಕರೆಯಿಲ್ಲದ ಕಾಫಿಗೆ ಅಡ್ಡಿಯಿಲ್ಲ. ಯಾರೋ ಹೇಳಿದರೆಂದು ಲಿವರ್ ಟಾನಿಕ್, ಕಷಾಯಗಳನ್ನು ತಿಂಗಳುಗಟ್ಟಲೆ ಕುಡಿಯಬೇಡಿ, ಕೆಲವು ಲಿವರಿಗೇ ಮುಳುವಾಗುತ್ತವೆ. ವೈದ್ಯರು ಕೊಟ್ಟ ಹಾರ್ಮೋನು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ನಿಧಿ ಮಾಡಬಹುದಾದದ್ದು

ಬ್ಯಾಂಕಿನಲ್ಲಿ ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಎನ್‌ಪಿಎ ಆಗುತ್ತದೆ. ಆದರೆ ಕಂತು ತಪ್ಪಿದ ಮೊದಲ ದಿನದಿಂದಲೇ ನಾವು ಅದಕ್ಕೆ ಗುರುತು ಹಾಕಿ ಬೆನ್ನುಹತ್ತುತ್ತಿದ್ದೆವು. ಮುಳುಗಿದ ಮೇಲೆ ವಸೂಲಿ ಎಷ್ಟು ಕಷ್ಟವೆಂದು ಗೊತ್ತಿದ್ದದ್ದರಿಂದ. ತಪ್ಪಿದ ಮುಟ್ಟೂ ಅಂಥದೇ ಮೊದಲ ಗುರುತು.

2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಆಯುಷ್ಮಾನ್ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಆದರೆ ಅದು ದಾಖಲಾದವರಿಗೆ. ಹೊರರೋಗಿಯಾಗಿ ಮಾಡಿಸುವ ತಪಾಸಣೆಗೆ ಕೈಯಿಂದಲೇ ಹಣ ಹೋಗಬೇಕು. ಮನೆಯ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದು ಹೆಂಗಸರ ತಪಾಸಣೆಗೇ. ಆಸ್ಪತ್ರೆ ಬಿಲ್ಲಿಗೆ ಕೊಡುವ ನೆರವು ಎಂದಿನಂತೆ ನಡೆಯಲಿದೆ. ಅದರ ಜೊತೆಗೆ ನಿಧಿಯ ಒಂದು ಪಾಲನ್ನು ಇಂಥ ತಪಾಸಣೆಗೆ ಎತ್ತಿಡಬೇಕೆಂಬುದು ನಮ್ಮ ಕೋರಿಕೆ. ದಾನಿಗಳು ಹಣ ಕಳಿಸುವಾಗ 'ಮಹಿಳಾ ತಪಾಸಣೆ' ಎಂದು ನಮೂದಿಸಿದರೆ ಆ ಲೆಕ್ಕಕ್ಕೇ ಜಮಾ ಮಾಡುತ್ತೇವೆ.

ಆ ತಾಯಿಯ ಚಿಕಿತ್ಸೆಗೆ ನೆರವು ಮಂಜೂರಾಗಿದೆ. ಕಾಗದಕ್ಕೆ ಸಹಿ ಹಾಕುವಾಗ ಅವರ ಯಜಮಾನರು ತಡವರಿಸುತ್ತಾ ಹೇಳಿದರು: ಮಗಳಿಗೆ ಈಗ ಹತ್ತೊಂಬತ್ತು, ಅವಳಿಗೂ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆಯಂತೆ. ಈ ತೊಂದರೆ ತಾಯಿಯಿಂದ ಮಗಳಿಗೆ ಬರುವುದುಂಟು. ತಪಾಸಣೆ ಲೆಕ್ಕದ ಮೊದಲ ಚೀಟಿ ಆ ಹುಡುಗಿಯದಾಗಲಿ ಎಂದು ನಮ್ಮ ಆಸೆ. ದಯವಿಟ್ಟು ಕೈಜೋಡಿಸಿ.