ನೀರಿಗೂ ಹೆಪ್ಪು ಬೇಕು

ಗೆಳೆಯರೇ, ನೀರು ಎಷ್ಟು ಡಿಗ್ರಿಗೆ ಮಂಜುಗಡ್ಡೆ ಆಗುತ್ತದೆ ಎಂದು ಕೇಳಿದರೆ ನಾವೆಲ್ಲ ಒಂದೇ ಉಸಿರಿಗೆ "ಸೊನ್ನೆ ಡಿಗ್ರಿ ಸೆಲ್ಸಿಯಸ್ ಸಾರ್" ಅಂತೇವೆ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ಇಳಿದ ಮೇಲೂ ನೀರು ನೀರಾಗಿಯೇ ಇರಬಲ್ಲದು. ಇದಕ್ಕೆ ಅತಿಶೀತಲ ನೀರು ಎನ್ನುತ್ತಾರೆ. ಇದನ್ನು ನಾನು ರಜೆಯಲ್ಲಿ ನಮ್ಮ ಮನೆಯಲ್ಲೇ ಮಾಡಿ ನೋಡಿದೆ. ಖರ್ಚು ಏನೂ ಇಲ್ಲ ಅಂದರೂ ಸರಿ.

ಬೇಕಾಗುವ ಸಾಮಾನು: ಒಂದು ಪ್ರನಾಳ, ಒಂದು ಸ್ಟೀಲ್ ಡಬರಿ, ಎಂಟು ಹಿಡಿ ಪುಡಿ ಮಾಡಿದ ಐಸು, ಒಂದು ಹಿಡಿ ಉಪ್ಪು, ಸ್ವಲ್ಪ ಬಟ್ಟಿ ಇಳಿಸಿದ ನೀರು, ತಾಪಮಾಪಕ. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿರುವ, ಮೈನಸ್ 10ರಿಂದ 110 ಡಿಗ್ರಿವರೆಗೆ ಗೆರೆ ಇರುವುದೇ ಬೇಕು. ವಿಜ್ಞಾನದ ಸರ್ ಅವರನ್ನು ಕೇಳಿ ತೆಗೆದುಕೊಳ್ಳಿ.

ಮಾಡುವ ವಿಧಾನ: ಪ್ರನಾಳವನ್ನೂ ತಾಪಮಾಪಕವನ್ನೂ ಚೆನ್ನಾಗಿ ತೊಳೆಯಿರಿ, ಬಟ್ಟೆಯಿಂದ ಒರೆಸಬೇಡಿ, ಅದರ ನೂಲೇ ಕೆಲಸ ಕೆಡಿಸುತ್ತದೆ. ಎರಡು ಬೆರಳು ಎತ್ತರ ನೀರು ಹಾಕಿ. ಡಬರಿಯಲ್ಲಿ ಐಸು, ಉಪ್ಪು ಕಲಸಿ ಅದರ ನಡುವೆ ಪ್ರನಾಳವನ್ನು ನಿಲ್ಲಿಸಿ, ತಾಪಮಾಪಕವನ್ನು ಮೆಲ್ಲಗೆ ಒಳಗೆ ಇಳಿಸಿ. ಆಮೇಲೆ ಅಲುಗಾಡಿಸದೆ ಸುಮ್ಮನೆ ಕೂತು ನೋಡಿ. ಉಪ್ಪು ಜಾಸ್ತಿ ಹಾಕಬಾರದು. ಜಾಸ್ತಿ ಉಪ್ಪು ಹಾಕಿದ ಐಸು ಮೈನಸ್ 20ರ ಹತ್ತಿರ ಹೋಗಬಲ್ಲದು, ಆಗ ನೀರು ಪ್ರನಾಳದ ಗೋಡೆಗೇ ಬೇಗ ಗಟ್ಟಿಯಾಗುತ್ತದೆ. ಆ ಉಪ್ಪು-ಐಸನ್ನು ಬರಿಗೈಲಿ ಹಿಡಿಯಬೇಡಿ, ಚರ್ಮ ಸುಟ್ಟ ಹಾಗೆ ಆಗುತ್ತದೆ. ಅದಕ್ಕೆ ಚಮಚ ಬಳಸಿ.

ನಾನು ನೋಡುತ್ತಿದ್ದ ಹಾಗೆ ಪಾದರಸ ಸೊನ್ನೆ ದಾಟಿತು. ಮೈನಸ್ 2, ಮೈನಸ್ 3, ಮೈನಸ್ 5. ನೀರು ಮಾತ್ರ ತಿಳಿಯಾಗಿ ಹಾಗೇ ಇತ್ತು! ಆಗ ಜೋಳದ ಕಾಳಿನಷ್ಟು ಐಸಿನ ಚೂರನ್ನು ಒಳಗೆ ಹಾಕಿದೆ. ಚೂರಿನ ಸುತ್ತ ಬಿಳಿ ಸೂಜಿಗಳು ಹುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನ ತನಕ ಹರಡಿದವು. ಐದು ಸಲ ಮಾಡಿದಾಗ ಮೂರು ಸಲ ಹೀಗಾಯಿತು. ಉಳಿದ ಎರಡು ಸಲ ಚೂರು ಹಾಕುವ ಮೊದಲೇ ತಾನಾಗಿ ಗಟ್ಟಿಯಾಯಿತು.

ಹೀಗೇಕೆ? ಹಾಲು ಮೊಸರಾಗಬೇಕಾದರೆ ಹೆಪ್ಪು ಹಾಕಬೇಕು ತಾನೆ? ನೀರು 'ಹೆಪ್ಪುಗಟ್ಟುತ್ತದೆ' ಅಂತ ನಾವು ಹೇಳುವ ಮಾತಿನಲ್ಲೂ ಅದೇ ಹೆಪ್ಪು ಇದೆ. ನೀರಿನ ಅಣುಗಳು ದ್ರವದಲ್ಲಿ ಸಂತೆಯ ಜನರ ಹಾಗೆ ಓಡಾಡುತ್ತಿರುತ್ತವೆ. ಮಂಜುಗಡ್ಡೆಯಲ್ಲಿ ಅವು ಪ್ರಾರ್ಥನೆಗೆ ನಿಂತ ನಮ್ಮ ಹಾಗೆ ಸಾಲಾಗಿ ನಿಲ್ಲಬೇಕು. ಸಾಲು ಶುರುವಾಗಲು ಮೊದಲು ಒಂದು ಸಣ್ಣ ಗುಂಪು ಸರಿಯಾಗಿ ನಿಲ್ಲಬೇಕು. ತೀರಾ ಸಣ್ಣ ಗುಂಪು ಆದರೆ ಕೂಡಿದ ಕೂಡಲೇ ಚದುರುತ್ತದೆ. ಧೂಳಿನ ಕಣ, ಗಾಜಿನ ಗೀರು, ಇಲ್ಲವೇ ಐಸಿನ ಚೂರು ಇದ್ದರೆ ಅದನ್ನು ಹಿಡಿದುಕೊಂಡು ಗುಂಪು ಬೆಳೆಯುತ್ತದೆ. ಏನೂ ಇಲ್ಲದ ಶುದ್ಧ ನೀರಿನ ಸಣ್ಣ ಹನಿ ಸುಮಾರು ಮೈನಸ್ 38 ಡಿಗ್ರಿವರೆಗೂ ದ್ರವವಾಗಿಯೇ ಇರಬಲ್ಲದು. ಮೊಸರಿನ ಹೆಪ್ಪಿನಲ್ಲಿ ಇರುವುದು ಜೀವಂತ ಬ್ಯಾಕ್ಟೀರಿಯಾ, ನೀರಿನ ಹೆಪ್ಪಿನಲ್ಲಿ ಜೀವ ಬೇಕಿಲ್ಲ, ಬರೀ ನಮೂನೆ ಸಾಕು. ಇಷ್ಟೇ ವ್ಯತ್ಯಾಸ.

ಅಂದಮೇಲೆ ಸೊನ್ನೆ ಡಿಗ್ರಿ ಸುಳ್ಳೇ? ಸುಳ್ಳಲ್ಲ. ಮಾಮೂಲಿ ಒತ್ತಡದಲ್ಲಿ ಮಂಜುಗಡ್ಡೆ ಕರಗುವುದು ಸೊನ್ನೆಯಲ್ಲೇ. ನೀರು ಗಟ್ಟಿಯಾಗಲು ಮಾತ್ರ ಚಳಿ ಒಂದೇ ಸಾಲದು.

ಇನ್ನೊಂದು ಮಜಾ ಕೇಳಿ. ನೀರು ಗಟ್ಟಿಯಾದ ಕೂಡಲೇ ಪಾದರಸ ಕೆಳಗೆ ಇಳಿಯಲಿಲ್ಲ, ಮೇಲೆ ಏರಿ ಸೊನ್ನೆಗೆ ಬಂದು ನಿಂತಿತು! 1 ಗ್ರಾಂ ನೀರು ಮಂಜುಗಡ್ಡೆ ಆಗುವಾಗ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತದೆ. ಮೈನಸ್ 5ರಲ್ಲಿರುವ 100 ಗ್ರಾಂ ನೀರು ಸೊನ್ನೆಗೆ ಏರಲು ಸುಮಾರು 500 ಕ್ಯಾಲೊರಿ ಸಾಕು. 500ನ್ನು 80ರಿಂದ ಭಾಗಿಸಿ, ಸುಮಾರು 6 ಬರುತ್ತದೆ. ಅಂದರೆ 100 ಗ್ರಾಂನಲ್ಲಿ ಆ ಕ್ಷಣಕ್ಕೆ ಗಟ್ಟಿಯಾಗುವುದು 6 ಗ್ರಾಂ ಮಾತ್ರ. ಅದಕ್ಕೇ ಪ್ರನಾಳದಲ್ಲಿ ಕಲ್ಲಿನಂಥ ಗಡ್ಡೆ ಸಿಗುವುದಿಲ್ಲ, ಗಂಜಿಯ ಹಾಗೆ ಇರುತ್ತದೆ.

ಇದನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬರು ತಾಪಮಾಪಕಕ್ಕೆ ಹೆಸರಾದ ಫ್ಯಾರನ್‌ಹೀಟ್. ಗಾಜಿನ ಬುರುಡೆಯಲ್ಲಿ ಮುಚ್ಚಿಟ್ಟ ನೀರು ಕಡು ಚಳಿಯಲ್ಲೂ ಗಟ್ಟಿಯಾಗದೆ ಉಳಿದದ್ದನ್ನು ಅವರು 1724ರಲ್ಲಿ ಪ್ರಕಟಿಸಿದರು.

ಇದೆಲ್ಲ ಬರೀ ಆಟವಲ್ಲ. ನಮ್ಮ ತಲೆಯ ಮೇಲೆ ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಹೋದರೆ ಬೇಸಿಗೆಯಲ್ಲೂ ಸೊನ್ನೆಯ ಆಸುಪಾಸು ಚಳಿ. ಅದಕ್ಕೂ ಮೇಲೆ ಬೆಳೆದ ಮೋಡದಲ್ಲಿ ಕೋಟ್ಯಂತರ ಹನಿಗಳು ಅತಿಶೀತಲವಾಗಿ, ಹೆಪ್ಪಿಗೆ ಕಾದು ನಿಂತಿರುತ್ತವೆ. ಅಲ್ಲಿ ಒಂದು ಐಸಿನ ಕಣ ಸಿಕ್ಕರೆ ಹನಿಗಳು ಅದಕ್ಕೆ ಬಡಿದು ಅಂಟಿಕೊಂಡು ಗಟ್ಟಿಯಾಗುತ್ತವೆ. ಮೇಲಕ್ಕೆ ನುಗ್ಗುವ ಗಾಳಿ ಕಣವನ್ನು ಎತ್ತಿ ಹಿಡಿದಷ್ಟು ಹೊತ್ತು ಪದರದ ಮೇಲೆ ಪದರ ಬೆಳೆಯುತ್ತದೆ. ಭಾರ ತಾಳದಾದಾಗ ಬೀಳುತ್ತದೆ. ಅದೇ ಆಲಿಕಲ್ಲು, ನಮ್ಮೂರ ಬಾಯಲ್ಲಿ ಆನೆಕಲ್ಲು. ಮುಂದಿನ ಸಲ ಬಿದ್ದಾಗ ದೊಡ್ಡದೊಂದನ್ನು ಅಡ್ಡ ಕೊಯ್ದು ನೋಡಿ, ಎಷ್ಟೋ ಸಲ ಈರುಳ್ಳಿಯ ಹಾಗೆ ಸುತ್ತು ಕಾಣುತ್ತದೆ. ನಾವು ಆರಿಸಿ ಬಾಯಿಗೆ ಹಾಕಿಕೊಂಡು ಕುಣಿಯುತ್ತೇವೆ, ಅದೇ ಹೊತ್ತಿಗೆ ಅಪ್ಪ ಮಾವಿನ ಕಾಯಿ ಉದುರುವುದನ್ನು ನೋಡುತ್ತಾ ಸುಮ್ಮನೆ ನಿಂತಿರುತ್ತಾರೆ.

ಮೋಡ ಬಿತ್ತನೆಯ ಗುಟ್ಟೂ ಇದೇ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಒಂದು ಫ್ರೀಜರಿನೊಳಗಿನ ಮಂಜಿಗೆ ಒಣ ಐಸು ಹಾಕಿ ಹನಿಗಳನ್ನು ಐಸಿನ ಹರಳಾಗಿಸಿದರು. ಅದೇ ವರ್ಷ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೊಡೈಡ್ ಕಂಡುಕೊಂಡರು. ಅದರ ಹರಳಿನ ಜೋಡಣೆ ಮಂಜುಗಡ್ಡೆಯದನ್ನೇ ಹೋಲುವುದರಿಂದ ಹನಿಗಳಿಗೆ ಅದೇ ಹೆಪ್ಪಾಗುತ್ತದೆ. 2017ರಲ್ಲಿ ನಮ್ಮ ರಾಜ್ಯದಲ್ಲಿ 'ವರ್ಷಧಾರಿ' ಹೆಸರಿನಲ್ಲಿ ವಿಮಾನದಿಂದ ಮೋಡ ಬಿತ್ತನೆ ನಡೆಯಿತು. ಬರಗಾಲ ಬಂದಾಗ "ವಿಮಾನ ಕಳಿಸಿದರೆ ಮಳೆ ಬರುತ್ತದಂತೆ" ಎಂದು ಕಟ್ಟೆಯ ಮೇಲೆ ಮಾತಾಡುವುದನ್ನು ನಾನೂ ಕೇಳಿದ್ದೇನೆ. ಆದರೆ ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರು ಎಲ್ಲಿಂದ ಬರಬೇಕು? ತಕ್ಕ ಮೋಡ ಇದ್ದರೆ ಮಾತ್ರ ಬಿತ್ತನೆ. ಮೋಡವನ್ನೇ ಅದು ಹುಟ್ಟಿಸಲಾರದು.

ಮನೆಯಲ್ಲಿ ಫ್ರಿಜ್ ಇದ್ದವರಿಗೆ ಇನ್ನೊಂದು ದಾರಿ: ಮುಚ್ಚಳ ತೆಗೆಯದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಫ್ರೀಜರಿನಲ್ಲಿ ಮಲಗಿಸಿ, ಪಕ್ಕದಲ್ಲಿ ಅದೇ ಅಳತೆಯ ನಲ್ಲಿ ನೀರಿನ ಬಾಟಲಿ ಇಡಿ. ಎರಡು ಗಂಟೆ ಆದ ಮೇಲೆ ಆಗಾಗ ನೋಡುತ್ತಿರಿ. ನಲ್ಲಿ ನೀರು ಗಟ್ಟಿಯಾಗಲು ಶುರುವಾದಾಗ ಇನ್ನೊಂದು ತಿಳಿಯಾಗಿದ್ದರೆ ಮೆಲ್ಲಗೆ ತೆಗೆದು ಒಮ್ಮೆ ಕುಟ್ಟಿ. ಗಾಜಿನ ಬಾಟಲಿ ಮಾತ್ರ ಬೇಡವೇ ಬೇಡ, ನೀರು ಗಟ್ಟಿಯಾಗುವಾಗ ಹಿಗ್ಗಿ ಗಾಜು ಒಡೆಯುತ್ತದೆ.

ಈಗ ನಿಮಗೊಂದು ಕೆಲಸ. ಒಂದು ಪ್ರನಾಳದಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಒಂದು ಚಿಟಿಕೆ ಹೊಲದ ಮಣ್ಣು ಹಾಕಿದ ನೀರು ಇಟ್ಟು, ಯಾವುದು ಎಷ್ಟು ಡಿಗ್ರಿಯಲ್ಲಿ ಗಟ್ಟಿಯಾಯಿತು ಅಂತ ಬರೆದು ತನ್ನಿ. ಒಂದೇ ಸಲ ಮಾಡಿದರೆ ಸಾಲದು, ಐದು ಸಲ ಮಾಡಬೇಕು. ಎಲ್ಲರ ಲೆಕ್ಕವನ್ನೂ ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಾಕೋಣ.