ತಿದ್ದುಪಡಿಗಳ ಯಂತ್ರಾನ್ವಯ: ಅದರ ಮಿತಿಗಳು

ಶಾಸನದ ಕರಡಿಗೆ ತಿದ್ದುಪಡಿಗಳನ್ನು ತಾನಾಗಿಯೇ ಅಳವಡಿಸುವ ತಂತ್ರಾಂಶಗಳು ಈಗ ಬಳಕೆಗೆ ಬಂದಿವೆ. ಅವುಗಳ ಮಿತಿಗಳನ್ನು ನಮ್ಮ ಸಂವಿಧಾನದ ಪಾಠದಿಂದಲೇ ವಿಶದಪಡಿಸಬಹುದು.

ಮೊದಲನೆಯದು, ಪದದ ಸಂದರ್ಭ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಮೊದಲನೆಯ ಅನುಸೂಚಿಯಲ್ಲಿಯೂ ಹೆಸರು ಬದಲಾಯಿತು. ಆದರೆ ಅದೇ ನಮೂದಿನಲ್ಲಿ ಉಲ್ಲೇಖಗೊಂಡಿರುವ 1968ರ ‘ಆಂಧ್ರಪ್ರದೇಶ ಮತ್ತು ಮೈಸೂರು (ಪ್ರದೇಶ ವರ್ಗಾವಣೆ) ಅಧಿನಿಯಮ’ದಲ್ಲಿ ‘ಮೈಸೂರು’ ಹಾಗೆಯೇ ಉಳಿದಿದೆ, ಉಳಿಯಲೇಬೇಕು. ಪದವನ್ನಷ್ಟೇ ಕಾಣುವ ಯಂತ್ರವು ಎಂದೂ ಇಲ್ಲದ ಅಧಿನಿಯಮವೊಂದನ್ನು ಸೃಷ್ಟಿಸೀತು.

ಎರಡನೆಯದು, ಕಾಲ. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಒಬ್ಬನನ್ನು ನಿವಾರಕ ಬಂಧನದಲ್ಲಿಡಬಹುದಾದ ಅವಧಿಯನ್ನು 22ನೆಯ ಅನುಚ್ಛೇದದಲ್ಲಿ 3 ತಿಂಗಳಿಂದ 2 ತಿಂಗಳಿಗೆ ಇಳಿಸತಕ್ಕದ್ದೆಂದು 1978ರ 44ನೆಯ ತಿದ್ದುಪಡಿಯ 3ನೆಯ ಪ್ರಕರಣವು ವಿಧಿಸಿತು. ಆ ಪ್ರಕರಣವನ್ನು ಜಾರಿಗೊಳಿಸುವ ಅಧಿಸೂಚನೆ ಇಂದಿಗೂ ಹೊರಟಿಲ್ಲ. ಇದನ್ನರಿಯದ ತಂತ್ರಾಂಶವು 2 ತಿಂಗಳೆಂದು ಬರೆದರೆ, ಬಂಧಿತನಿಗೆ ಇಲ್ಲದ ರಕ್ಷಣೆಯನ್ನು ಇದೆಯೆಂದು ಹೇಳಿದಂತಾಗುತ್ತದೆ.

ಮೂರನೆಯದು, ಕ್ರಮ. ಒಂದೇ ವಾಕ್ಯಕ್ಕೆ ಇಬ್ಬರು ಸದಸ್ಯರು ತಿದ್ದುಪಡಿ ಸೂಚಿಸಿ, ಮೊದಲನೆಯದು ಅಂಗೀಕೃತವಾದರೆ, ಎರಡನೆಯದು ಅರಸುವ ಪದವೇ ಅಲ್ಲಿ ಉಳಿದಿರದೆ ಹೋಗಬಹುದು. ಆಗ ಸದಸ್ಯನ ಉದ್ದೇಶವನ್ನು ನಿರ್ಣಯಿಸುವುದು ಯಂತ್ರದ ಅಳವಲ್ಲ.

ಆದುದರಿಂದ ಇಂತಹ ಪಾಠವನ್ನು ರಾಜಪತ್ರದೊಡನೆ ತಾಳೆ ನೋಡದೆ ಪ್ರಮಾಣವೆಂದು ಸ್ವೀಕರಿಸಲಾಗದೆಂಬುದು ನಮ್ಮ ಅಭಿಪ್ರಾಯ.