472ನೆಯ ಅಕ್ಷರ

ಮಗುವಿನ ನಾಲಗೆಯ ಮೇಲೆ ಬೀಳುವ ಪೋಲಿಯೊ ಹನಿಯೊಳಗೆ ಇರುವುದು ಬಲಗುಂದಿದ, ಆದರೆ ಜೀವಂತವಾದ ವೈರಸ್ಸು. 1950ರ ದಶಕದಲ್ಲಿ ಆಲ್ಬರ್ಟ್ ಸೇಬಿನ್ ಅದನ್ನು ಕೋತಿಯ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ನರಮಂಡಲವನ್ನು ಘಾತಿಸುವ ಶಕ್ತಿ ಉಡುಗಿದ ತಳಿಗಳನ್ನು ಆರಿಸಿಕೊಂಡರು. ಆ ಶಕ್ತಿ ಏತರಿಂದ ಉಡುಗಿತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1980ರ ದಶಕದಲ್ಲಿ ವೈರಸ್ಸಿನ ಆನುವಂಶಿಕ ಲಿಪಿಯನ್ನು ಅಕ್ಷರಶಃ ಓದುವುದು ಸಾಧ್ಯವಾದಾಗ ಕಂಡುಬಂದುದೇನೆಂದರೆ, ಸುಮಾರು ಏಳೂವರೆ ಸಾವಿರ ಅಕ್ಷರಗಳ ಆ ಆರ್‌ಎನ್‌ಎ ಸರಣಿಯಲ್ಲಿ ಪೋಲಿಯೊ ವೈರಸ್ಸಿನ ಮೂರು ಮಾದರಿಗಳಲ್ಲಿ ಮೂರನೆಯದರ ಲಸಿಕಾತಳಿಗೂ ಅದರ ರೋಗಕಾರಕ ಮೂಲಕ್ಕೂ ಇದ್ದ ಅಂತರ ಸುಮಾರು ಹತ್ತು ಅಕ್ಷರಗಳದು; ಅವುಗಳಲ್ಲಿಯೂ ಸೌಮ್ಯತೆಗೆ ಪ್ರಧಾನ ಕಾರಣವಾದವು ಬೆರಳೆಣಿಕೆಯಷ್ಟು. 472ನೆಯ ಸ್ಥಾನದಲ್ಲಿ ಸೈಟೊಸಿನ್ ಎಂಬ ಅಕ್ಷರ ಹೋಗಿ ಯುರಾಸಿಲ್ ಎಂಬುದು ಬಂದುದರಿಂದ, ವೈರಸ್ಸು ನರಕೋಶದಲ್ಲಿ ತನ್ನ ಪ್ರೋಟೀನುಗಳನ್ನು ನಿರ್ಮಿಸಿಕೊಳ್ಳುವ ಕಾರ್ಯ ಮಂದವಾಗಿದ್ದಿತು. ಆದರೆ ಹನಿ ಪಡೆದ ಶಿಶುವಿನ ಮಲವನ್ನು ದಿನವೂ ಪರೀಕ್ಷಿಸಿದ ಬ್ರಿಟಿಷ್ ಸಂಶೋಧಕರಿಗೆ, ಕೆಲವೇ ದಿನಗಳೊಳಗೆ ಆ ಯುರಾಸಿಲ್ ಅಳಿದು ಹಳೆಯ ಸೈಟೊಸಿನ್ ಮರಳಿರುವುದು ಕಾಣಿಸಿತು. ಕರುಳಿನಲ್ಲಿ ಹಾಗೆ ಮರಳಿದ ವೈರಸ್ಸೇ ವೇಗವಾಗಿ ವೃದ್ಧಿಯಾಗುತ್ತದೆ.

ಇದರಿಂದ ಹನಿ ಪಡೆದ ಮಗು ಪಾರ್ಶ್ವವಾಯುವಿಗೆ ತುತ್ತಾಗುವುದು ಅತಿ ವಿರಳ. ನಿಜವಾದ ಅಪಾಯವಿರುವುದು ಲಸಿಕೆ ಕಾಣದ ಮಕ್ಕಳು ಗುಂಪುಗುಂಪಾಗಿ ಉಳಿದಿರುವೆಡೆಯಲ್ಲಿ. ಅಲ್ಲಿ ವೈರಸ್ಸು ಒಂದು ಕರುಳಿನಿಂದ ಇನ್ನೊಂದಕ್ಕೆ ಸಾಗುತ್ತ ಕಳೆದುಕೊಂಡ ಕ್ರೌರ್ಯವನ್ನು ಮರಳಿ ಗಳಿಸುತ್ತದೆ. 2000ರಲ್ಲಿ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಲ್ಲಿ ಆದದ್ದು ಇದೇ. ಪೀಡಿತ ಮಕ್ಕಳಲ್ಲಿ ಬಹುಪಾಲಿನವರು ಲಸಿಕೆಯನ್ನೇ ಪಡೆದಿರಲಿಲ್ಲ, ಇಲ್ಲವೆ ಪೂರ್ಣವಾಗಿ ಪಡೆದಿರಲಿಲ್ಲ. ಅಕ್ಷರಗಳು ವರ್ಷಕ್ಕೆ ನೂರಕ್ಕೆ ಒಂದರಂತೆ ಬದಲಾಗುವುದರಿಂದ, ಆ ತಳಿ ಯಾರ ಕಣ್ಣಿಗೂ ಬೀಳದೆ ಬಹುಕಾಲ ಸಂಚರಿಸಿತ್ತೆಂಬುದನ್ನು ಅದರ ಲಿಪಿಯಿಂದಲೇ ಗಣಿಸಲಾಯಿತು.

ಹನಿಯಿಂದಲೇ ರೋಗ ಹರಡಿತೆಂದು ಈ ಸತ್ಯವನ್ನು ಅರ್ಧ ಹೇಳಿ ಹೆತ್ತವರನ್ನು ಅಂಜಿಸುವವರು ಮಾಡುವ ಅನ್ಯಾಯ ಸಣ್ಣದಲ್ಲ. ಲಕ್ಷಾಂತರ ಮಕ್ಕಳ ಕಾಲುಗಳನ್ನು ಉಳಿಸಿದುದೂ ಇದೇ ಹನಿ. ಎರಡನೆಯ ಮಾದರಿಯ ಕಾಡುವೈರಸ್ಸು 1999ರಲ್ಲಿ ಅಲಿಗಢದಲ್ಲಿ ಕಡೆಯ ಸಲ ಕಾಣಿಸಿಕೊಂಡು ಅಳಿದುಹೋದ ಮೇಲೆ, ಆ ಮಾದರಿಯ ಲಸಿಕಾತಳಿಯನ್ನು 2016ರ ಏಪ್ರಿಲಿನಲ್ಲಿ ಭಾರತವೂ ಸೇರಿ ಜಗತ್ತೆಲ್ಲ ಹನಿಯಿಂದ ಕೈಬಿಟ್ಟಿತು. ಆದರೆ ಆ ಮಾದರಿಯ ಲಸಿಕೆಯಿಂದ ಹುಟ್ಟಿದ ತಳಿಗಳು ಆಫ್ರಿಕದಲ್ಲಿ ತಲೆಯೆತ್ತಿದವು. ಯಾವ ಅಕ್ಷರ ಬದಲಾದರೆ ಕೇಡು ಮರಳುವುದೆಂಬ ಆ ಹಳೆಯ ಜ್ಞಾನವನ್ನೇ ಆಧರಿಸಿ, ಆ ಬದಲಾವಣೆ ಸುಲಭವಾಗಿ ಆಗದಂತೆ ಲಿಪಿಯನ್ನು ತಿದ್ದಿದ ಹೊಸ ತಳಿ 2021ರಿಂದ ಬಳಕೆಗೆ ಬಂದು, ನೂರು ಕೋಟಿಗೂ ಮಿಕ್ಕಿದ ಹನಿಗಳಾಗಿ ಹಂಚಿಕೆಯಾಗಿದೆ. ಅದೂ ಅಲ್ಲಲ್ಲಿ ವಿರಳವಾಗಿ ರೂಪ ಬದಲಿಸಿದ್ದುಂಟು, ಹಳೆಯ ತಳಿಗಿಂತ ಬಹಳ ಕಡಮೆ.